ರೂಟರ್ ಹಿಡಿದು ಸ್ಪೀಕರ್ ಬ್ಯಾಫಲ್ ಕೊರೆಯುವುದು: ಕೇಂದ್ರ ಇರುವಾಗಲೇ ಮುಗಿಸಬೇಕಾದ ಕೆಲಸ

ಸ್ಪೀಕರ್ ಪೆಟ್ಟಿಗೆಗೆ ಆರು ಹಲಗೆ. ಐದನ್ನು ಗರಗಸದಲ್ಲಿ ನೆಟ್ಟಗೆ ಕೊಯ್ದು, ಅಂಟು ಹಚ್ಚಿ ಕೂಡಿಸಿದರೆ ಮುಗಿಯಿತು. ಆರನೆಯದು, ಡ್ರೈವರ್‌ಗಳು (ಶಬ್ದ ಹೊರಡಿಸುವ ಘಟಕಗಳು) ಕೂರುವ ಮುಂಬದಿಯ ಹಲಗೆ, ಅಷ್ಟಕ್ಕೆ ಬಗ್ಗುವುದಿಲ್ಲ. ಬ್ಯಾಫಲ್ ಎಂದರೆ ಇದೇ. ಇದಕ್ಕೆ ಅಚ್ಚುಕಟ್ಟಾದ ದುಂಡು ತೂತು ಬೇಕು. ತೂತಿನ ಸುತ್ತ ಡ್ರೈವರ್‌ನ ಅಂಚು ಹಲಗೆಯ ಮಟ್ಟಕ್ಕೆ ಇಳಿದು ಕೂರುವಂಥ ತಗ್ಗು ಬೇಕು. ಹಿಂಬದಿಯಲ್ಲಿ ಗಾಳಿ ಆಡಲು ಓರೆ ಬೇಕು, ಹೊರ ಅಂಚು ಉರುಟಾಗಬೇಕು. ಜಿಗ್‌ಸಾದಿಂದ ತೂತು ಹೇಗೋ ಕೊಯ್ಯಬಹುದು, ಆದರೆ 5 ಮಿಲಿಮೀಟರ್ ಆಳದ ಸಮತಟ್ಟಾದ ತಗ್ಗು ಅದರ ಕೈಲಿ ಆಗದು. ಈ ನಾಲ್ಕೂ ಕೆಲಸವನ್ನು ರೂಟರ್, ಅಂದರೆ ವೇಗವಾಗಿ ಸುತ್ತುವ ಅಲಗಿನಿಂದ ಮರ ಕೊರೆಯುವ ಕೈಯಂತ್ರ, ಒಂದೇ ಮಾಡುತ್ತದೆ.

ಉಳಿ, ಉಜ್ಜುಗೊರಡು ಕೈಗೆ ಪಳಗಲು ವರ್ಷಗಳೇ ಬೇಕು. ರೂಟರ್ ವಿಷಯ ಬೇರೆ. ಅದರಲ್ಲಿ ಕೈಚಳಕದ ಪಾಲು ಕಡಿಮೆ, ಮುಂಚಿನ ಸಿದ್ಧತೆಯ ಪಾಲು ಹೆಚ್ಚು. ಆಳ, ತ್ರಿಜ್ಯ, ದಿಕ್ಕು ಇವನ್ನು ಸರಿಯಾಗಿ ಕಟ್ಟಿಹಾಕಿದರೆ ಮೊದಲ ಸಲ ಹಿಡಿದವರೂ ಅಂಗಡಿಯಿಂದ ತಂದಂಥ ಬ್ಯಾಫಲ್ ಮಾಡಬಲ್ಲರು. ತಪ್ಪಾಗಿ ಕಟ್ಟಿದರೆ ಅದು ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕೊರೆದಿಡುತ್ತದೆ. ಹಾಗಾಗಿ ಇಲ್ಲಿ ಯಂತ್ರ ಓಡಿಸುವ ಮಾತಿಗಿಂತ ಓಡಿಸುವ ಮುಂಚಿನ ಮಾತೇ ಜಾಸ್ತಿ ಇದೆ.

ಡ್ರೈವರನ್ನು ತಗ್ಗಿಸಿ ಕೂರಿಸುವುದೇಕೆ

ಚೆಂದಕ್ಕಷ್ಟೇ ಅಲ್ಲ. ಶಬ್ದದ ಅಲೆ ಹಲಗೆಯ ಮೇಲೆ ಹರಡಿಕೊಂಡು ಹೋಗುವಾಗ ದಾರಿಯಲ್ಲಿ ಮೆಟ್ಟಿಲು ಸಿಕ್ಕರೆ ಅಲ್ಲಿಂದ ಒಂದಂಶ ಮತ್ತೆ ಹೊರಡುತ್ತದೆ, ಸ್ವಲ್ಪ ತಡವಾಗಿ. ನೇರವಾಗಿ ಬಂದ ಶಬ್ದದ ಜೊತೆ ಅದು ಬೆರೆತು ಕೆಲವು ಆವರ್ತನಗಳನ್ನು ಎಬ್ಬಿಸುತ್ತದೆ, ಕೆಲವನ್ನು ತಗ್ಗಿಸುತ್ತದೆ. ಇದೇ ವಿವರ್ತನೆ. 3 ಕಿಲೋಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 11 ಸೆಂಟಿಮೀಟರ್, 10 ಕಿಲೋಹರ್ಟ್ಸ್‌ನಲ್ಲಿ ಮೂರೂವರೆಯೂ ಇಲ್ಲ. ಹೀಗಾಗಿ 4-5 ಮಿಲಿಮೀಟರಿನ ಮೆಟ್ಟಿಲು ಮೇಲಿನ ಸ್ವರಗಳ ಡ್ರೈವರ್ ಆದ ಟ್ವೀಟರ್‌ಗೆ ಲೆಕ್ಕಕ್ಕೆ ಬರುತ್ತದೆ, ಕೆಳಗಿನ ಸ್ವರಗಳ ವೂಫರ್‌ಗೆ ಅಷ್ಟಾಗಿ ಇಲ್ಲ. ಸಮಯವೋ ಧೈರ್ಯವೋ ಸಾಲದಿದ್ದರೆ ವೂಫರನ್ನು ಹಲಗೆಯ ಮೇಲೆಯೇ ಕೂರಿಸಿ, ಟ್ವೀಟರನ್ನು ಮಾತ್ರ ತಗ್ಗಿಸಿ. ಇದು ರಾಜಿಯಂತೆ ಕಂಡರೂ ನ್ಯಾಯವಾದ ರಾಜಿ.

ಯಂತ್ರ ಮತ್ತು ಬಿಟ್

ರೂಟರ್‌ಗಳಲ್ಲಿ ತಳ ಒಂದೇ ಎತ್ತರದಲ್ಲಿ ನಿಲ್ಲುವಂಥದ್ದು ಒಂದು ಬಗೆ, ಸ್ಪ್ರಿಂಗ್ ಮೇಲೆ ಒತ್ತಿದಾಗ ಬಿಟ್ (ಕೊರೆಯುವ ಅಲಗು) ಕೆಳಗಿಳಿಯುವ ಪ್ಲಂಜ್ ಇನ್ನೊಂದು ಬಗೆ. ಬ್ಯಾಫಲ್ ಕೆಲಸಕ್ಕೆ ಪ್ಲಂಜ್ ತಳವೇ ಬೇಕು. ಹಲಗೆಯ ನಡುವೆ ಇಳಿಯಬೇಕು, ಸುತ್ತು ಸುತ್ತಿಗೆ ಸ್ವಲ್ಪ ಸ್ವಲ್ಪ ಆಳ ಹೆಚ್ಚಿಸಬೇಕು. ಒಂದು ಕೈಯಲ್ಲಿ ಹಿಡಿಯುವ ಸಣ್ಣ ಟ್ರಿಮ್ ರೂಟರ್‌ಗೂ ಈಗ ಪ್ಲಂಜ್ ತಳ ಸಿಗುತ್ತದೆ. ತಾಳ್ಮೆ ಇದ್ದರೆ 18 ಮಿಲಿಮೀಟರ್ ಎಂಡಿಎಫ್‌ಗೆ (ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ಅದೂ ಸಾಕು. ದೊಡ್ಡ ಉರುಟು ಬಿಟ್‌ಗಳನ್ನು ಮಾತ್ರ ಅದಕ್ಕೆ ಹಾಕುವ ಗೋಜಿಗೆ ಹೋಗಬೇಡಿ.

ಬಿಟ್‌ನ ಕಾಂಡವನ್ನು ಹಿಡಿಯುವ ಭಾಗ ಕೊಲೆಟ್. ಅಳತೆ 6, 8, 12 ಮಿಲಿಮೀಟರಿನಲ್ಲಿ ಬರುತ್ತದೆ, ಕಾಲಿಂಚು ಮತ್ತು ಅರ್ಧ ಇಂಚಿನಲ್ಲೂ ಬರುತ್ತದೆ. ಕಾಲಿಂಚು ಎಂದರೆ 6.35 ಮಿಲಿಮೀಟರ್, ಅರ್ಧ ಇಂಚು 12.7. ಕಾಲಿಂಚಿನ ಕೊಲೆಟ್‌ಗೆ 6 ಮಿಲಿಮೀಟರ್ ಕಾಂಡ ಹಾಕಿ ಬಿಗಿದರೆ ಹಿಡಿದಂತೆ ತೋರುತ್ತದೆ, ಓಡುವಾಗ ಜಾರಿ ಇಳಿಯುತ್ತದೆ. ತಗ್ಗು ಒಂದು ಕಡೆ 5 ಮಿಲಿಮೀಟರ್, ಇನ್ನೊಂದು ಕಡೆ 8 ಆಗಿದೆ ಎಂದರೆ ಮೊದಲು ಇಲ್ಲಿಯೇ ನೋಡಬೇಕು. ಕಾಂಡವನ್ನು ತಳ ಮುಟ್ಟುವವರೆಗೆ ಇಳಿಸಿ, ಆಮೇಲೆ 2-3 ಮಿಲಿಮೀಟರ್ ಮೇಲೆತ್ತಿ ಬಿಗಿಯಿರಿ. ತಳ ಕಚ್ಚಿಕೊಂಡಿದ್ದರೆ ಬಿಗಿತ ಸರಿಯಾಗಿ ಕೂರುವುದಿಲ್ಲ. ಬಿಟ್ ಬದಲಿಸುವಾಗಲೆಲ್ಲ ಪ್ಲಗ್ ಕಿತ್ತಿರಬೇಕು. ಸ್ವಿಚ್ ಆಫ್ ಮಾಡಿದ್ದೇನೆ ಎಂಬ ಸಮಾಧಾನ ಸಾಲದು.

ಕೊಳ್ಳಬೇಕಾದ ಬಿಟ್ ಹೆಚ್ಚಿಲ್ಲ. 8 ಮಿಲಿಮೀಟರಿನ ನೇರ ಅಥವಾ ಸುರುಳಿ ಬಿಟ್ ಒಂದು, ಬೇರಿಂಗ್ ಇರುವ 45 ಡಿಗ್ರಿ ಓರೆ ಬಿಟ್ ಒಂದು, ಉರುಟು ಬಿಟ್ ಒಂದು. ನೇರ ಬಿಟ್ ಕೊಳ್ಳುವಾಗ ಅದರ ತುದಿ ನೋಡಿ. ಕೆಳಗಡೆಯೂ ಅಲಗು ಇದ್ದರೆ ಮಾತ್ರ ಅದು ಹಲಗೆಯ ನಡುವೆ ಇಳಿಯುತ್ತದೆ, ಇಲ್ಲದಿದ್ದರೆ ಮರವನ್ನು ಉಜ್ಜಿ ಸುಡುತ್ತದೆ. ಸುರುಳಿಯಲ್ಲಿ ಹೊಟ್ಟನ್ನು ಮೇಲಕ್ಕೆ ಎಳೆಯುವುದು ಮತ್ತು ಕೆಳಕ್ಕೆ ಒತ್ತುವುದು ಎಂದು ಎರಡು ವಿಧ. ಆಳದ ತೂತಿಗೆ ಮೇಲೆಳೆಯುವುದು ಒಳ್ಳೆಯದು. ಮೇಲ್ಮೈಗೆ ವೆನಿಯರ್ (ತೆಳು ಮರದ ಹಾಳೆ) ಅಂಟಿಸಿದ್ದರೆ ಕೆಳಗೊತ್ತುವುದೇ ಬೇಕು, ಇಲ್ಲವಾದರೆ ತಗ್ಗಿನ ಅಂಚಿನಲ್ಲಿ ವೆನಿಯರ್ ಸಿಬಿರು ಸಿಬಿರಾಗಿ ಏಳುತ್ತದೆ.

ವೇಗದ ಬಗ್ಗೆ ಒಂದು ಲೆಕ್ಕ ಹಾಕಿದರೆ ಸಾಕು, ಮತ್ತೆ ಮರೆಯುವುದಿಲ್ಲ. ನಿಮಿಷಕ್ಕೆ 20,000 ಸುತ್ತಿನಲ್ಲಿ 8 ಮಿಲಿಮೀಟರ್ ಬಿಟ್‌ನ ಅಲಗು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅದೇ ಸುತ್ತಿನಲ್ಲಿ 50 ಮಿಲಿಮೀಟರಿನ ಉರುಟು ಬಿಟ್‌ನ ಅಲಗಿನ ವೇಗ ಗಂಟೆಗೆ 190 ಕಿಲೋಮೀಟರಿನ ಹತ್ತಿರ! ಸಣ್ಣ ಬಿಟ್‌ಗೆ 18,000ದಿಂದ 20,000, ಅಂಥ ದೊಡ್ಡದಕ್ಕೆ 12,000ದ ಆಸುಪಾಸು. ಬಿಟ್‌ನ ಕಾಂಡದ ಮೇಲೆ ಗರಿಷ್ಠ ವೇಗ ಅಚ್ಚು ಹಾಕಿದ್ದರೆ ಅದನ್ನು ಮೀರುವ ಮಾತೇ ಇಲ್ಲ.

ಮೂಗು, ಕಿವಿ, ಕಣ್ಣು

ಎಂಡಿಎಫ್ ಕೊರೆಯುವಾಗ ಬರುವುದು ಚಕ್ಕೆಯಲ್ಲ, ಗಾಳಿಯಲ್ಲಿ ತೇಲುವ ಹಿಟ್ಟಿನಂಥ ಪುಡಿ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಎಂಡಿಎಫ್‌ನಲ್ಲಿ ಸಾಮಾನ್ಯವಾಗಿ ಇರುವ ಅಂಟಿನ ಫಾರ್ಮಾಲ್ಡಿಹೈಡ್ ಕೂಡ ಅದೇ ಗುಂಪಿನಲ್ಲಿದೆ. ಕರವಸ್ತ್ರ ಕಟ್ಟಿಕೊಂಡರೆ ಉಪಯೋಗವಿಲ್ಲ. ಎನ್95 ಅಥವಾ ಅದಕ್ಕೆ ಸಮನಾದ ಮಾಸ್ಕ್, ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ರೂಟರ್‌ನ ಬಾಯಿಗೆ ವ್ಯಾಕ್ಯೂಮ್ ಕೊಳವೆ ಇರಲಿ. ಸಡಿಲ ತೋಳಿನ ಅಂಗಿ ಬೇಡ, ಕೈಗವಸು ಬೇಡ.

ಯಾವ ಕಡೆಗೆ ತಳ್ಳಬೇಕು

ಮೇಲಿನಿಂದ ನೋಡಿದರೆ ಬಿಟ್ ಪ್ರದಕ್ಷಿಣವಾಗಿ ಸುತ್ತುತ್ತದೆ. ನೀವು ತಳ್ಳುವ ದಿಕ್ಕಿಗೆ ಎದುರಾಗಿ ಅಲಗು ಕಚ್ಚಬೇಕು. ಆಗ ಯಂತ್ರ ಸ್ವಲ್ಪ ತಡೆಯುತ್ತದೆ, ಆ ತಡೆಯೇ ನಿಮಗೆ ಹಿಡಿತ ಕೊಡುತ್ತದೆ. ನೆನಪಿಡಲು ಸುಲಭ ಸೂತ್ರ: ಮುಂದಕ್ಕೆ ತಳ್ಳುವಾಗ ಕೊರೆಯಬೇಕಾದ ಮರ ನಿಮ್ಮ ಎಡಕ್ಕಿರಬೇಕು. ಅಂದರೆ ಹಲಗೆಯ ಹೊರ ಅಂಚನ್ನು ಅಪ್ರದಕ್ಷಿಣವಾಗಿ, ತೂತಿನ ಒಳ ಅಂಚನ್ನು ಪ್ರದಕ್ಷಿಣವಾಗಿ ಸುತ್ತಬೇಕು. ತಿರುಗಾಮುರುಗಾ ಮಾಡಿದರೆ ಅಲಗು ಮರದ ಮೇಲೆ ಹತ್ತಿ ಓಡಲು ನೋಡುತ್ತದೆ, ರೂಟರ್ ಕೈಯಿಂದ ಕಿತ್ತುಕೊಂಡು ಮುನ್ನುಗ್ಗುತ್ತದೆ. ಪಳಗಿದವರು ಸಿಬಿರು ಏಳದಿರಲೆಂದು ಬೇಕೆಂದೇ ಕೂದಲೆಳೆಯಷ್ಟು ಮರವನ್ನು ಹಾಗೆ ತೆಗೆಯುವುದುಂಟು. ಕಲಿಯುವಾಗ ಅದು ಬೇಡ.

ಎರಡೂ ಬದಿಯಲ್ಲಿ ಮರವಿರುವ ಹೊಸ ಕಾಲುವೆ ಕೊರೆಯುವಾಗ ಈ ಭೇದ ಅಷ್ಟು ಕಾಡುವುದಿಲ್ಲ. ಆದರೂ ದಿಕ್ಕು ಒಂದೇ ಇರಲಿ. ಕಾರಣ ಜಿಗ್‌ನ, ಅಂದರೆ ರೂಟರನ್ನು ಕೇಂದ್ರದ ಸುತ್ತ ತಿರುಗಿಸುವ ಪಟ್ಟಿಯ, ಮೊಳೆಯಲ್ಲಿದೆ. ಮೊಳೆ ಮತ್ತು ಅದರ ತೂತಿನ ನಡುವೆ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತದೆ. ಪ್ರದಕ್ಷಿಣವಾಗಿ ಹೋದರೆ ಬಿಟ್ ಹೊರಕ್ಕೆ ಎಳೆಯುತ್ತದೆ, ಸಡಿಲ ಒಂದೇ ಕಡೆಗೆ ಬಿಗಿಯಾಗಿ ನಿಲ್ಲುತ್ತದೆ. ಅಪ್ರದಕ್ಷಿಣವಾದರೆ ಒಳಕ್ಕೆ ಒತ್ತುತ್ತದೆ. ಒಂದು ಸುತ್ತು ಹೀಗೆ, ಒಂದು ಸುತ್ತು ಹಾಗೆ ಹೋದರೆ ತಗ್ಗಿನ ಗೋಡೆಯಲ್ಲಿ ಬೆರಳಿಗೆ ಸಿಗುವ ಗೆರೆಗಳು ಬೀಳುತ್ತವೆ. ನಾನಂತೂ ಜಿಗ್ ಕೆಲಸವೆಲ್ಲ ಪ್ರದಕ್ಷಿಣವೇ ಎಂದು ಇಟ್ಟುಕೊಂಡಿದ್ದೇನೆ.

ವೃತ್ತದ ಜಿಗ್

ಕೊಳ್ಳಲು ಸಿಗುತ್ತದೆ, ಆದರೆ ಮಾಡಿಕೊಳ್ಳುವುದು ಕಷ್ಟವೇನಲ್ಲ. 6 ಮಿಲಿಮೀಟರ್ ಅಕ್ರಿಲಿಕ್ ಅಥವಾ ಪ್ಲೈವುಡ್ ಪಟ್ಟಿ ತೆಗೆದುಕೊಳ್ಳಿ. ರೂಟರ್‌ನ ತಳದ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ, ಅದನ್ನೇ ಅಚ್ಚಾಗಿಟ್ಟು ಪಟ್ಟಿಯ ಒಂದು ತುದಿಯಲ್ಲಿ ಸ್ಕ್ರೂ ತೂತುಗಳನ್ನು ಗುರುತು ಹಾಕಿ ಕೊರೆದು, ಪಟ್ಟಿಯನ್ನು ರೂಟರ್‌ಗೆ ಬಿಗಿಯಿರಿ. ಬಿಟ್ ಇಳಿಯಲು ದಾರಿ ಮಾಡಿ. ಇನ್ನು ಪಟ್ಟಿಯ ಉದ್ದಕ್ಕೆ ಬೇಕಾದ ದೂರದಲ್ಲಿ 3 ಮಿಲಿಮೀಟರಿನ ತೂತು ಕೊರೆದರೆ ಆಯಿತು. 3 ಮಿಲಿಮೀಟರ್ ಡ್ರಿಲ್ ಬಿಟ್‌ನ ನಯವಾದ ಕಾಂಡವೇ ಮೊಳೆ. ಕಬ್ಬಿಣದ ಮೊಳೆ ಹೊಡೆಯಬೇಡಿ, ಅದು ಪೂರ್ತಿ ದುಂಡಾಗಿರುವುದಿಲ್ಲ.

ಜಾರುವ ಜಿಗ್ ಅನುಕೂಲವೆಂದು ಹೇಳುವವರಿದ್ದಾರೆ. ನನಗೆ ತೂತುಗಳ ಪಟ್ಟಿಯೇ ಮೇಲು. ಜೋಡಿ ಸ್ಪೀಕರ್ ಮಾಡುವಾಗ ಎರಡನೆಯ ಬ್ಯಾಫಲ್‌ಗೂ ಅದೇ ಅಳತೆ ಸಿಗಬೇಕು. ತೂತು ಇದ್ದ ಜಾಗದಲ್ಲೇ ಇರುತ್ತದೆ, ಜಾರುವ ತಿರುಪು ಇರುವುದಿಲ್ಲ. ತೂತಿನ ಪಕ್ಕದಲ್ಲೇ ಇದು ಯಾವ ಡ್ರೈವರ್‌ನ ಯಾವ ಸುತ್ತಿಗೆ, ಎಷ್ಟು ಮಿಲಿಮೀಟರ್ ಬಿಟ್‌ಗೆ ಎಂದು ಬರೆದಿಡಿ.

ಕಾಗದದ ಮೇಲೆ ಒಂದು ವೂಫರ್

ಡ್ರೈವರ್ ಕೈಗೆ ಬರುವ ಮುಂಚೆ ಕೊರೆಯಲು ಶುರು ಮಾಡಬಾರದು. ಕಂಪನಿಯ ಮಾಹಿತಿ ಹಾಳೆಯಲ್ಲಿರುವ ಅಳತೆಯನ್ನು ನಂಬದೆ ಕ್ಯಾಲಿಪರ್ ಹಿಡಿದು ನೀವೇ ಅಳೆಯಿರಿ, ಅದೂ ಮೂರು ನಾಲ್ಕು ಕಡೆ. ತಗಡು ಒತ್ತಿ ಮಾಡಿದ ಚೌಕಟ್ಟು ಒಂದೊಂದು ಸಲ ಒಂದು ಕಡೆ ಸ್ವಲ್ಪ ಉಬ್ಬಿರುತ್ತದೆ. ಎರಡು ವೂಫರ್ ಇದ್ದರೆ ಎರಡನ್ನೂ ಅಳೆದು ದೊಡ್ಡ ಅಂಕಿಯನ್ನು ಹಿಡಿಯಿರಿ.

ಉದಾಹರಣೆಗೆ ಚೌಕಟ್ಟಿನ ಹೊರ ವ್ಯಾಸ 176 ಮಿಲಿಮೀಟರ್, ತೂತಿನಲ್ಲಿ ಇಳಿಯುವ ಬುಟ್ಟಿಯ (ಚೌಕಟ್ಟಿನ ಹಿಂಭಾಗದ) ವ್ಯಾಸ 146, ಅಂಚಿನ ದಪ್ಪ 5 ಎಂದಿಟ್ಟುಕೊಳ್ಳೋಣ. ಬಣ್ಣಕ್ಕೂ ಜಾಗ ಬೇಕು. ಎಂಡಿಎಫ್‌ಗೆ ಪ್ರೈಮರ್, ಎರಡು ಮೂರು ಪದರ ಬಣ್ಣ ಹೊಡೆದ ಮೇಲೆ ತಗ್ಗಿನ ಗೋಡೆ ಒಳಕ್ಕೆ ಬೆಳೆದಿರುತ್ತದೆ. ಆದ್ದರಿಂದ ತಗ್ಗಿಗೆ 177, ತೂತಿಗೆ 148 ಎಂದು ಹಿಡಿಯೋಣ. ತ್ರಿಜ್ಯ 88.5 ಮತ್ತು 74.

8 ಮಿಲಿಮೀಟರ್ ಬಿಟ್‌ನ ನಡುವಿನಿಂದ ಅದರ ಅಂಚಿಗೆ 4. ತಗ್ಗಿನ ಹೊರ ಸುತ್ತಿಗೆ ಮೊಳೆಯಿಂದ ಬಿಟ್‌ನ ನಡುವಿಗೆ 84.5 ಇರಬೇಕು. ಆ ಸುತ್ತು 80.5ರಿಂದ 88.5ರವರೆಗಿನ ಮರ ತೆಗೆಯುತ್ತದೆ. ಇನ್ನೊಂದು ಸುತ್ತನ್ನು 77.5ಕ್ಕೆ ಇಟ್ಟರೆ 73.5ರಿಂದ 81.5ರವರೆಗೆ ಹೋಗುತ್ತದೆ. ಎರಡಕ್ಕೂ ನಡುವೆ 1 ಮಿಲಿಮೀಟರ್ ಒಂದರ ಮೇಲೊಂದು ಬೀಳುವುದರಿಂದ ನಡುವೆ ಗೋಡೆ ಉಳಿಯುವುದಿಲ್ಲ. ತೂತಿನ ತ್ರಿಜ್ಯ 74, ಆದ್ದರಿಂದ ಅದಕ್ಕಿಂತ ಒಳಗಿನ ಮರದ ಚಿಂತೆ ಬೇಡ, ಅದು ತೂತಿನ ಜೊತೆಗೇ ಹೋಗುತ್ತದೆ. ಆರ್‌ಪಾರ್ ತೂತಿಗೆ ಬಿಟ್‌ನ ನಡು 70ರಲ್ಲಿ. ಅಲ್ಲಿಗೆ ಜಿಗ್‌ನಲ್ಲಿ ಬೇಕಾದದ್ದು ಮೂರೇ ತೂತು: 84.5, 77.5, 70.

ಜಾರುವ ಜಿಗ್ ಇದ್ದರೆ ಬಿಟ್‌ನ ನಡುವನ್ನು ಹುಡುಕುವುದು ಕಷ್ಟ. ಅಲಗನ್ನು ಕೈಯಿಂದ ತಿರುಗಿಸಿ ಮೊಳೆಗೆ ಅತಿ ದೂರ ಬರುವಂತೆ ನಿಲ್ಲಿಸಿ, ಮೊಳೆಯ ಹತ್ತಿರದ ಮೈಯಿಂದ ಅಲಗಿನ ದೂರದ ತುದಿಗೆ ಅಳೆಯಿರಿ. ಮೊಳೆ 3 ಮಿಲಿಮೀಟರ್ ಆದ್ದರಿಂದ 88.5ರಲ್ಲಿ ಒಂದೂವರೆ ಕಳೆದು 87 ಬರಬೇಕು. ಪ್ಲಗ್ ಕಿತ್ತಿದೆಯೇ ಎಂದು ಇನ್ನೊಮ್ಮೆ ನೋಡಿ.

ತಗ್ಗು ಮೊದಲು, ತೂತು ಕೊನೆಗೆ

ಇಡೀ ಕೆಲಸದ ಜೀವ ಇರುವುದು ಈ ಕ್ರಮದಲ್ಲಿ. ಆರ್‌ಪಾರ್ ತೂತು ಬಿದ್ದ ಕ್ಷಣ ಮೊಳೆ ನಿಂತಿದ್ದ ಮರವೇ ಇರುವುದಿಲ್ಲ. ಕೇಂದ್ರ ಹೋದ ಮೇಲೆ ಜಿಗ್ ಹಿಡಿದು ತಗ್ಗು ಮಾಡಲಾಗದು. ಆದ್ದರಿಂದ ಕೇಂದ್ರವನ್ನು ಬಯಸುವ ಎಲ್ಲ ಕೆಲಸ ಮೊದಲು. ತಿರುಪಿನ ತೂತುಗಳ ವೃತ್ತವನ್ನೂ ಆಗಲೇ ಕೈವಾರದಲ್ಲಿ ಗೀಚಿಟ್ಟುಕೊಳ್ಳಿ.

ಇದರಲ್ಲೊಂದು ತೊಡಕಿದೆ. ತಗ್ಗು ಸರಿಯಾಗಿದೆಯೇ ಎಂದು ಡ್ರೈವರ್ ಇಟ್ಟು ನೋಡೋಣವೆಂದರೆ ತೂತಿಲ್ಲದೆ ಬುಟ್ಟಿ ಇಳಿಯುವುದಿಲ್ಲ, ತೂತು ಮಾಡಿದರೆ ತಗ್ಗನ್ನು ತಿದ್ದಲಾಗುವುದಿಲ್ಲ. ಇದಕ್ಕಿರುವ ದಾರಿ ಒಂದೇ. ಅದೇ ದಪ್ಪದ ಚೂರು ಹಲಗೆಯಲ್ಲಿ ತಗ್ಗು, ತೂತು ಎಲ್ಲವನ್ನೂ ಪೂರ್ತಿ ಮಾಡಿ, ಡ್ರೈವರ್ ಕೂರಿಸಿ, ಗ್ಯಾಸ್ಕೆಟ್ (ಅಂಚಿನ ಕೆಳಗೆ ಗಾಳಿ ಸೋರದಂತೆ ಇಡುವ ಮೆತ್ತನೆಯ ಪಟ್ಟಿ) ಸಮೇತ ತಿರುಪು ಬಿಗಿದು ನೋಡುವುದು. ಬಿಗಿದ ಮೇಲೆ ಫೋಮ್ ಗ್ಯಾಸ್ಕೆಟ್ ಎಷ್ಟು ಅಮುಕಿಕೊಳ್ಳುತ್ತದೆ ಎಂಬುದು ಇಲ್ಲಿ ಮಾತ್ರ ಗೊತ್ತಾಗುವುದು. ಅಂಚಿನ ಮೇಲೆ ಬೆರಳಾಡಿಸಿ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆ ಹುಟ್ಟಿದ್ದು ಚೂರು ಹಲಗೆ ಬೇಡವೆಂದವರನ್ನು ನೋಡಿಯೇ ಇರಬೇಕು.

ಈಗ ನಿಜವಾದ ಹಲಗೆ. ಕೇಂದ್ರದಲ್ಲಿ 3 ಮಿಲಿಮೀಟರ್ ತೂತನ್ನು ಡ್ರಿಲ್ ನೆಟ್ಟಗೆ ಹಿಡಿದು ಆರ್‌ಪಾರ್ ಕೊರೆಯಿರಿ. ಕೆಳಗೆ ಬೇಡದ ಹಲಗೆಯೊಂದನ್ನು ಹಾಸಿ, ಅದರೊಳಗೂ ಮೊಳೆ ಒಂದಿಷ್ಟು ಇಳಿಯಲಿ. ಹೊರಬೀಳಲಿರುವ ನಡುಬಿಲ್ಲೆಯ ಕೆಳಗೆ ಎರಡು ಬದಿ ಅಂಟುವ ಟೇಪನ್ನು ನಾಲ್ಕೈದು ಕಡೆ ಹಚ್ಚಿ ಹಾಸುಹಲಗೆಗೆ ಒತ್ತಿ. ಬ್ಯಾಫಲನ್ನು ಕ್ಲ್ಯಾಂಪ್ ಹಾಕಿ ಮೇಜಿಗೆ ಬಿಗಿಯಿರಿ. ಯಂತ್ರ ಬಂದ್ ಇರುವಾಗಲೇ ಜಿಗ್ಗನ್ನು ಒಂದು ಪೂರ್ತಿ ಸುತ್ತು ತಿರುಗಿಸಿ. ಕ್ಲ್ಯಾಂಪಿನ ಹಿಡಿ, ವಿದ್ಯುತ್ ತಂತಿ, ವ್ಯಾಕ್ಯೂಮ್ ಕೊಳವೆ ಎಲ್ಲಿ ಅಡ್ಡ ಬರುತ್ತವೆ ಎಂದು ಆಗ ಕಾಣುತ್ತದೆ.

ಆಳ ಹೊಂದಿಸಲು ಅಳತೆಪಟ್ಟಿ ಬೇಡ. ಬಿಟ್‌ನ ತುದಿ ಹಲಗೆಯ ಮೈ ಮುಟ್ಟುವಂತೆ ಒತ್ತಿ ನಿಲ್ಲಿಸಿ. ಆಳದ ಕಂಬಿ ಮತ್ತು ಅದರ ಕೆಳಗಿನ ಮೆಟ್ಟಿಲ ನಡುವೆ 5 ಮಿಲಿಮೀಟರ್ ಡ್ರಿಲ್ ಬಿಟ್‌ನ ಕಾಂಡವನ್ನು ಇಟ್ಟು ಕಂಬಿಯನ್ನು ಬಿಗಿಯಿರಿ. ಕಾಂಡ ತೆಗೆದರೆ ಬಿಟ್ ಸರಿಯಾಗಿ 5 ಮಿಲಿಮೀಟರ್ ಇಳಿಯುತ್ತದೆ. ಚೂರು ಹಲಗೆಯಲ್ಲಿ ಗ್ಯಾಸ್ಕೆಟ್‌ಗೆ ಎಷ್ಟು ಬೇಕೆಂದು ಕಂಡಿರೋ ಅಷ್ಟನ್ನು ಇದಕ್ಕೆ ಸೇರಿಸಿ. ಅನುಮಾನವಿದ್ದರೆ ಕಾಲು ಮಿಲಿಮೀಟರ್ ಆಳವೇ ಆಗಲಿ. ಆಳವಾದರೆ ಅಂಚಿನ ಕೆಳಗೆ ಕಾಗದದ ಉಂಗುರ ಕತ್ತರಿಸಿ ಇಟ್ಟು ಎತ್ತಬಹುದು. ಎತ್ತರವಾಗಿ ಉಳಿದರೆ ಕೇಂದ್ರವಿಲ್ಲದೆ ಮಾಡುವುದೇನೂ ಇಲ್ಲ.

ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ಬಿಟ್ ಮರಕ್ಕೆ ತಾಗದಂತೆ ಚಾಲೂ ಮಾಡಿ, ವೇಗ ಏರಲು ಬಿಟ್ಟು, ಆಮೇಲೆ ಮೆಲ್ಲಗೆ ಇಳಿಸಿ. ಮೊದಲು 77.5ರ ಸುತ್ತು, ಅನಂತರ 84.5ರದ್ದು. ಒಳಗಿನಿಂದ ಹೊರಕ್ಕೆ ಹೋದರೆ ಕಣ್ಣಿಗೆ ಕಾಣುವ ಹೊರಗೋಡೆಯನ್ನು ಕೊರೆಯುವ ಹೊತ್ತಿಗೆ ಕೈ ಹದಕ್ಕೆ ಬಂದಿರುತ್ತದೆ. ಪ್ರತಿ ಇಳಿತಕ್ಕೂ ಬಿಟ್‌ನ ವ್ಯಾಸದ ಅರ್ಧಕ್ಕಿಂತ ಹೆಚ್ಚು ಆಳ ಬೇಡ. 8 ಮಿಲಿಮೀಟರ್ ಬಿಟ್‌ಗೆ 3-4 ಮಿಲಿಮೀಟರ್ ಸಾಕು. ಕೊನೆಯ ಅರ್ಧ ಮಿಲಿಮೀಟರನ್ನು ಒಂದೇ ಸಲ ನಿಲ್ಲದೆ ಸುತ್ತಿ ಬಂದರೆ ತಗ್ಗಿನ ತಳ ಗಾಜಿನಂತೆ ಬರುತ್ತದೆ.

ಕಿವಿ ಕೊಟ್ಟರೆ ಯಂತ್ರವೇ ಹೇಳುತ್ತದೆ. ಒಂದೇ ಶ್ರುತಿಯಲ್ಲಿ ಗುಂಯ್‌ಗುಟ್ಟುತ್ತಿದ್ದರೆ ನಡೆ ಸರಿಯಿದೆ. ದನಿ ಕುಗ್ಗಿ ಗೊರಗೊರ ಎಂದರೆ ಆಳ ಹೆಚ್ಚಾಗಿದೆ ಅಥವಾ ನೀವು ದೂಡುತ್ತಿದ್ದೀರಿ. ಕೀರಲು ದನಿ ಬಂದು ಸುಟ್ಟ ವಾಸನೆ ಹೊಡೆದರೆ ತಳ್ಳುವುದು ನಿಧಾನವಾಗಿದೆ, ಇಲ್ಲವೇ ಅಲಗು ಮೊಂಡಾಗಿದೆ. ಒಂದೇ ಕಡೆ ನಿಂತರಂತೂ ಕಪ್ಪು ಕಲೆ ಖಂಡಿತ. ಎಲ್ಲಾದರೂ ನಿಲ್ಲಬೇಕಾದರೆ ಮೊದಲು ಪ್ಲಂಜ್ ಸಡಿಲಿಸಿ ಬಿಟ್ ಮೇಲೆ ಬರುವಂತೆ ಮಾಡಿ, ಆಮೇಲೆ ನಿಲ್ಲಿ.

ಜೋಡಿಯ ಎರಡೂ ಬ್ಯಾಫಲ್‌ಗೆ ತಗ್ಗು ಆದ ಮೇಲೆ 70ರ ತೂತಿಗೆ ಬನ್ನಿ. ಈ ಸುತ್ತು 66ರಿಂದ 74ರವರೆಗಿನ ಮರ ತೆಗೆಯುತ್ತದೆ, ಅದರಲ್ಲಿ ಬಹುಪಾಲು ತಗ್ಗಿನ ಒಳಗಡೆ ಇನ್ನೂ ಕೊರೆಯದೆ ಉಳಿದದ್ದು, ಹಾಗಾಗಿ 18 ಮಿಲಿಮೀಟರ್ ಹಲಗೆಯಾದರೆ ಪೂರ್ತಿ 18ನ್ನೂ ಇಳಿಯಬೇಕು. ಐದು ಇಳಿತದಲ್ಲಿ ಮುಗಿಯುತ್ತದೆ. ಅಪಾಯವೆಲ್ಲ ಕೊನೆಯ ಇಳಿತದಲ್ಲೇ. ಬಿಲ್ಲೆ ಬಿಡಿಯಾದೊಡನೆ ಮೊಳೆ, ಜಿಗ್, ರೂಟರ್ ಮೂರಕ್ಕೂ ನೆಲೆ ತಪ್ಪುತ್ತದೆ, ಓಡುತ್ತಿರುವ ಬಿಟ್ ತೂತಿನ ಗೋಡೆಗೆ ಹಲ್ಲು ಹಾಕುತ್ತದೆ. ಟೇಪ್ ಹಚ್ಚಿದ್ದು ಇದಕ್ಕೇ. ಟೇಪಿನ ಮೇಲೆ ನಂಬಿಕೆ ಇಲ್ಲದಿದ್ದರೆ ಬಿಲ್ಲೆಗೆ ಎರಡು ತಿರುಪನ್ನು ಹಾಸುಹಲಗೆಯವರೆಗೆ ಹಾಕಿ, ಜಿಗ್‌ಗೆ ತಾಗದಂತೆ ತಲೆಯನ್ನು ಮುಳುಗಿಸಿ. ಅಥವಾ ಅರ್ಧ ಮಿಲಿಮೀಟರ್ ಸಿಪ್ಪೆ ಉಳಿಸಿ, ರೂಟರ್ ಎತ್ತಿಟ್ಟು ಚಾಕುವಿನಲ್ಲಿ ಕೊಯ್ದು, ಉಪ್ಪುಕಾಗದದಿಂದ ಉಜ್ಜಿ. ತೂತಿನ ಗೋಡೆ ಡ್ರೈವರ್ ಹಿಂದೆ ಮರೆಯಾಗುವುದರಿಂದ ಇದರಲ್ಲಿ ಕೊರತೆಯೇನಿಲ್ಲ. ಬಿಲ್ಲೆಯನ್ನು ಎಸೆಯಬೇಡಿ, ಮುಂದೆ ಬೇಕು.

ಈಗಾಗಲೇ ತೂತು ಕೊರೆದಿರುವ ಹಲಗೆಗೆ ತಗ್ಗು ಬೇಕಾದರೆ ರ‍್ಯಾಬೆಟ್ ಬಿಟ್ ಇದೆ. ಅದರ ಬೇರಿಂಗ್ ತೂತಿನ ಗೋಡೆ ಹಿಡಿದು ಓಡುತ್ತದೆ, ಬೇರಿಂಗ್ ಬದಲಿಸಿದಂತೆ ತಗ್ಗಿನ ಅಗಲ ಬದಲಾಗುತ್ತದೆ. ಆದರೆ ಅಗಲ ಬೇರಿಂಗ್ ಕೊಟ್ಟಷ್ಟೇ. ನಮ್ಮ ಉದಾಹರಣೆಯ 14.5 ಮಿಲಿಮೀಟರ್ ಅದರಲ್ಲಿ ಸುಲಭಕ್ಕೆ ದಕ್ಕುವುದಿಲ್ಲ.

ದುಂಡಗಿಲ್ಲದ ಟ್ವೀಟರ್

ವೂಫರ್ ಹತ್ತಿರಕ್ಕೆ ಬರಲೆಂದು ಕೆಲವು ಟ್ವೀಟರ್‌ಗಳ ಅಂಚನ್ನು ಒಂದು ಕಡೆ ನೇರವಾಗಿ ಕತ್ತರಿಸಿರುತ್ತಾರೆ. ಅದಕ್ಕೆ ಟೆಂಪ್ಲೇಟ್ ಮಾಡಬೇಕು. 9 ಅಥವಾ 12 ಮಿಲಿಮೀಟರ್ ಎಂಡಿಎಫ್‌ನಲ್ಲಿ ಆ ಆಕಾರದ ತೂತು ಕೊಯ್ದು, ಅರದಿಂದಲೂ ಉಪ್ಪುಕಾಗದದಿಂದಲೂ ತಿದ್ದಿ, ಬ್ಯಾಫಲ್ ಮೇಲೆ ಟೇಪಿನಿಂದ ಅಂಟಿಸಿ, ಕಾಂಡದ ಕಡೆ ಬೇರಿಂಗ್ ಇರುವ ಬಿಟ್‌ನಿಂದ ಸುತ್ತಬೇಕು. ಬೇರಿಂಗ್ ಬದಲು ತಳಕ್ಕೆ ಹಾಕುವ ಗೈಡ್ ಬುಶ್ (ಬಿಟ್‌ನ ಸುತ್ತ ನಿಂತು ಟೆಂಪ್ಲೇಟಿಗೆ ತಾಗಿ ಓಡುವ ಉಂಗುರ) ಬಳಸಿದರೆ ಲೆಕ್ಕ ಬೇರೆ. ಬುಶ್‌ನ ಹೊರ ವ್ಯಾಸದಲ್ಲಿ ಬಿಟ್‌ನ ವ್ಯಾಸ ಕಳೆದು ಅರ್ಧ ಮಾಡಿ. 16ರ ಬುಶ್, 8ರ ಬಿಟ್ ಆದರೆ 4 ಮಿಲಿಮೀಟರ್. ಟೆಂಪ್ಲೇಟ್ ಸುತ್ತಲೂ ಅಷ್ಟು ದೊಡ್ಡದಿರಬೇಕು.

ಟ್ವೀಟರ್‌ನ ತಂತಿ ಸಿಗಿಸುವ ಕಿವಿಗಳು ಎರಡು ಬದಿಗೆ ಚಾಚಿರುತ್ತವೆ. ಅವುಗಳಿಗೆ ತೂತಿನ ಅಕ್ಕಪಕ್ಕ ಉಳಿಯಲ್ಲೋ ಅರದಲ್ಲೋ ಜಾಗ ಮಾಡಿಕೊಡಿ. ರೂಟರ್ ಬೇಕಿಲ್ಲ.

ಹಿಂಬದಿಯ ಓರೆ

ದಪ್ಪ ಹಲಗೆಯ ತೂತಿನಲ್ಲಿ ವೂಫರ್ ಕೂತಾಗ ಬುಟ್ಟಿಯ ಕಿಟಕಿಗಳು ತೂತಿನ ಗೋಡೆಗೆ ಒತ್ತಿಕೊಂಡು ನಿಲ್ಲುತ್ತವೆ. ಕೋನ್ ಹಿಂದಕ್ಕೆ ತಳ್ಳಿದ ಗಾಳಿಗೆ ಹೋಗಲು ದಾರಿ ಸಾಲದು. ಹಲಗೆ ಮಗುಚಿ, 45 ಡಿಗ್ರಿ ಬಿಟ್‌ನ ಬೇರಿಂಗ್ ತೂತಿನ ಗೋಡೆಗೆ ತಾಗಿಸಿ, ಪ್ರದಕ್ಷಿಣವಾಗಿ ಎರಡು ಮೂರು ಇಳಿತದಲ್ಲಿ ಓರೆ ತೆಗೆಯಿರಿ. ಇಡೀ ಸುತ್ತು ತೆಗೆಯುವಂತಿಲ್ಲ. ತಿರುಪು ಬರುವ ಜಾಗಗಳಲ್ಲಿ 30-40 ಮಿಲಿಮೀಟರ್ ಹಾಗೇ ಬಿಡಬೇಕು. ಪೆನ್ಸಿಲ್‌ನಲ್ಲಿ ದಪ್ಪಗೆ ಗುರುತು ಹಾಕಿಕೊಳ್ಳಿ, ಧೂಳಿನಲ್ಲಿ ತೆಳು ಗೆರೆ ಕಾಣುವುದಿಲ್ಲ. ಹಿಂದಿನಿಂದ ಟಿ-ನಟ್ (ಮರಕ್ಕೆ ಕಚ್ಚಿಕೊಳ್ಳುವ, ತಟ್ಟೆಯಿರುವ ನಟ್) ಹಾಕುವುದಿದ್ದರೆ ಅದರ ತಟ್ಟೆ ಕೂರಲು ಎಷ್ಟು ಜಾಗ ಬೇಕೋ ನೋಡಿಯೇ ಗುರುತು ಮಾಡಿ.

ಹೊರ ಅಂಚು

ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ 1950ರ ಹೊತ್ತಿಗೆ ಗೋಲ, ಘನ, ಸಿಲಿಂಡರ್ ಎಂದು 12 ಆಕಾರದ ಪೆಟ್ಟಿಗೆಗಳಲ್ಲಿ ಡ್ರೈವರ್ ಕೂರಿಸಿ ಅಳೆದರು. ಗೋಲದ್ದೇ ಎಲ್ಲಕ್ಕಿಂತ ಸಮವಾಗಿತ್ತು. ಮೊನಚು ಅಂಚಿನ ಘನದಲ್ಲಿ ಏರಿಳಿತ ದೊಡ್ಡದಿತ್ತು. ಅಂಚನ್ನು ಉರುಟು ಮಾಡುವುದು ಆ ಗೋಲದ ಕಡೆಗೆ ಒಂದು ಸಣ್ಣ ಹೆಜ್ಜೆ. ಸಣ್ಣದು ಎಂದದ್ದು ಬೇಕೆಂದೇ. 19 ಮಿಲಿಮೀಟರ್ ತ್ರಿಜ್ಯದ ಉರುಟು ಮೇಲಿನ ಆವರ್ತನಗಳಿಗಷ್ಟೇ ತಾಗುತ್ತದೆ. 1 ಕಿಲೋಹರ್ಟ್ಸ್‌ನ 34 ಸೆಂಟಿಮೀಟರ್ ಅಲೆಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 3-4 ಮಿಲಿಮೀಟರ್ ಉರುಟು ಕೈಗೆ ಹಿತವಾಗಿರುತ್ತದೆ, ಕಿವಿಗೆ ಏನೂ ಕೊಡುವುದಿಲ್ಲ.

ದೊಡ್ಡ ಉರುಟನ್ನು ಬ್ಯಾಫಲ್ ಪೆಟ್ಟಿಗೆಗೆ ಅಂಟಿಸಿದ ಮೇಲೆ ಮಾಡುವುದು ವಾಸಿ. ಮುಂಚೆಯೇ ಮಾಡಿದರೆ ಕ್ಲ್ಯಾಂಪಿಗೆ ಹಿಡಿಯಲು ನೇರ ಅಂಚು ಉಳಿಯುವುದಿಲ್ಲ. ಅಂಥ ಬಿಟ್‌ಗೆ 12 ಮಿಲಿಮೀಟರ್ ಅಥವಾ ಅರ್ಧ ಇಂಚಿನ ಕಾಂಡ, ಕಡಿಮೆ ವೇಗ, ನಾಲ್ಕೈದು ಇಳಿತ. ಇಲ್ಲಿ ತೊಂದರೆ ಕೊಡುವುದು ನೀವೇ ಕೊರೆದ ತೂತು. ರೂಟರ್‌ನ ತಳ ತೂತಿನ ಪಕ್ಕ ಹಾಯುವಾಗ ಒಂದು ಬದಿಗೆ ಆಸರೆ ತಪ್ಪಿ ಒಳಕ್ಕೆ ವಾಲುತ್ತದೆ, ಅಂಚಿನಲ್ಲಿ ಗುಳಿ ಬೀಳುತ್ತದೆ. ಎತ್ತಿಟ್ಟ ಬಿಲ್ಲೆ ಈಗ ಕೆಲಸಕ್ಕೆ ಬರುತ್ತದೆ. ತೂತಿನ ಹಿಂದೆ ಅಡ್ಡಪಟ್ಟಿ ಕಟ್ಟಿ, ಬಿಲ್ಲೆಯನ್ನು ಹಲಗೆಯ ಮಟ್ಟಕ್ಕೆ ಅದರ ಮೇಲೆ ಕೂರಿಸಿ ಟೇಪ್ ಹಾಕಿ.

ಪ್ಲೈವುಡ್ ಅಥವಾ ಗಟ್ಟಿ ಮರವಾದರೆ ಎಳೆಗೆ ಅಡ್ಡವಾಗಿರುವ ಎರಡು ಅಂಚುಗಳನ್ನು ಮೊದಲು ಮಾಡಿ. ಮೂಲೆಯಲ್ಲಿ ಮರ ಕಿತ್ತು ಬಂದರೂ ಎಳೆಯ ಉದ್ದಕ್ಕೆ ಹೋಗುವ ಮುಂದಿನ ಸುತ್ತು ಅದನ್ನು ತೆಗೆದುಹಾಕುತ್ತದೆ. ಎಂಡಿಎಫ್‌ಗೆ ಎಳೆಯಿಲ್ಲ, ಈ ಚಿಂತೆಯೂ ಇಲ್ಲ. ಬದಲಿಗೆ ಅದರ ಕೊರೆದ ಮೈ ಬಣ್ಣವನ್ನು ಕುಡಿಯುತ್ತಲೇ ಹೋಗುತ್ತದೆ. ತೆಳುಮಾಡಿದ ಅರಗಿನ ವಾರ್ನಿಷ್ ಅಥವಾ ಸ್ಯಾಂಡಿಂಗ್ ಸೀಲರ್ ಎರಡು ಸಲ ಹಚ್ಚಿ ಉಜ್ಜಿದ ಮೇಲೆಯೇ ಪ್ರೈಮರ್.

ಡ್ರೈವರ್ ಕೂರಿಸುವುದು

4 ಮಿಲಿಮೀಟರ್ ಮರದ ತಿರುಪಿಗೆ ಎರಡೂವರೆಯಿಂದ ಮೂರು ಮಿಲಿಮೀಟರ್ ಮುಂತೂತು ಕೊರೆಯಿರಿ. ಕೊರೆಯದೆ ತಿರುಗಿಸಿದರೆ ಎಂಡಿಎಫ್ ಉಬ್ಬುತ್ತದೆ, ತಗ್ಗಿನ ತಳ ಗುಡ್ಡೆಯಾಗಿ ಡ್ರೈವರ್ ಓರೆ ಕೂರುತ್ತದೆ. ಪದೇ ಪದೇ ಬಿಚ್ಚುವ ಅಂದಾಜಿದ್ದರೆ ಟಿ-ನಟ್ ಹಾಕಿ ಯಂತ್ರತಿರುಪು ಬಳಸುವುದೇ ಸರಿ.

ಬಿಗಿಯುವಾಗ ಪವರ್ ಡ್ರೈವರ್ ಬೇಡ, ಕೈಯ ಸ್ಕ್ರೂಡ್ರೈವರ್ ಸಾಕು. ವೂಫರ್‌ನ ಅಯಸ್ಕಾಂತ ಉಕ್ಕಿನ ತುದಿಯನ್ನು ತನ್ನ ಕಡೆಗೆ ಎಳೆಯುತ್ತದೆ, ಜಾರಿದರೆ ನೇರ ಕೋನ್‌ಗೆ ಚುಚ್ಚುತ್ತದೆ. ಉಂಗುರದಂತೆ ಕತ್ತರಿಸಿದ ರಟ್ಟನ್ನು ಕೋನ್ ಮೇಲೆ ಮುಚ್ಚಿಟ್ಟು, ಎದುರುಬದುರಿನ ತಿರುಪುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ. ಒಂದೆರಡು ವಾರ ಕಳೆದ ಮೇಲೆ ಗ್ಯಾಸ್ಕೆಟ್ ಇನ್ನಷ್ಟು ಕೂತಿರುತ್ತದೆ. ಆಗ ಎಲ್ಲ ತಿರುಪುಗಳಿಗೂ ಇನ್ನೊಂದು ಕಾಲು ಸುತ್ತು ಕೊಡಿ.